ಹೆಕ್-ರಾಸ್ ಮಾದರಿಯಲ್ಲಿ ಜಲಾಶಯ ಮತ್ತು ಅಣೆಕಟ್ಟನ್ನು ಅಳವಡಿಸುವುದು ಹೇಗೆ?

ಶಿವಮೊಗ್ಗ ಸುತ್ತಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ನೀರಾವರಿ ಕೆಲಸಕ್ಕೆ ಹೊಸದಾಗಿ ಸೇರಿದ ಕಿರಿಯ ಎಂಜಿನಿಯರುಗಳೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಕಂಪ್ಯೂಟರಿನಲ್ಲಿ ಹೊಳೆಯ ಹರಿವಿನ ಮಾದರಿ ಸಿದ್ಧವಾಗಿದೆ, ಅಡ್ಡಸೀಳಿಕೆಗಳನ್ನು (ಹೊಳೆಯನ್ನು ದಡದಿಂದ ದಡಕ್ಕೆ ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಣುವ ತಳದ ಆಕಾರಗಳನ್ನು) ಹಾಕಿದ್ದೇವೆ, ಈಗ ಅದರ ನಡುವೆ ಇರುವ ಅಣೆಕಟ್ಟನ್ನು ಹೇಗೆ ಕೂಡಿಸಬೇಕು? ಪ್ರಶ್ನೆ ಬಹುಮಟ್ಟಿಗೆ ತಂತ್ರಾಂಶದ ಯಾವ ಗುಂಡಿ ಒತ್ತಬೇಕು ಎಂಬ ಧಾಟಿಯಲ್ಲಿರುತ್ತದೆ. ಆದರೆ ಜಲಾಶಯದ ಮಾದರಿಗಳು ಹಾದಿ ತಪ್ಪುವುದು ಹೆಚ್ಚಾಗಿ ಗುಂಡಿ ಒತ್ತುವುದರಲ್ಲಲ್ಲ. ಯಾವ ಮಟ್ಟಕ್ಕೆ ಎಷ್ಟು ನೀರು ಎಂಬ ಪಟ್ಟಿಯಲ್ಲಿ ಮತ್ತು ಗೇಟು ಯಾವಾಗ ಎಷ್ಟು ತೆರೆಯುತ್ತದೆ ಎಂಬ ಪಟ್ಟಿಯಲ್ಲಿ. ಈ ಎರಡು ಪಟ್ಟಿಗಳು ಸರಿಯಿದ್ದರೆ ಉಳಿದದ್ದು ಒಂದು ವಾರದ ಕೆಲಸ.

ಹೆಕ್-ರಾಸ್ ಎಂಬುದು ಅಮೆರಿಕದ ಸೇನಾ ಎಂಜಿನಿಯರುಗಳ ದಳದ ಜಲವಿಜ್ಞಾನ ಕೇಂದ್ರ ಸಿದ್ಧಪಡಿಸಿ ಉಚಿತವಾಗಿ ಕೊಡುತ್ತಿರುವ ನದಿ ಹರಿವಿನ ತಂತ್ರಾಂಶ. ಅದರ ಮೊದಲ ಆವೃತ್ತಿ ಬಂದದ್ದು 1995ರಲ್ಲಿ. ಇಲ್ಲಿ ಹೇಳಿರುವ ಕ್ರಮ ಅದಕ್ಕೆ ಸಂಬಂಧಿಸಿದ್ದಾದರೂ, ಬೇರೆ ತಂತ್ರಾಂಶ ಬಳಸುವವರಿಗೂ ಹೆಸರುಗಳನ್ನು ಬಿಟ್ಟರೆ ತರ್ಕ ಅದೇ.

ಮೊದಲು ಕೈಯಲ್ಲಿರಬೇಕಾದವು

ಜಲಾಶಯದ ಮಟ್ಟ–ಸಂಗ್ರಹ ಪಟ್ಟಿ. ಅಣೆಕಟ್ಟಿನ ನೆತ್ತಿ, ಕೋಡಿ ಮತ್ತು ಗೇಟಿನ ಹೊಸ್ತಿಲಿನ ಮಟ್ಟಗಳು. ಗೇಟುಗಳ ಸಂಖ್ಯೆ, ಅಗಲ, ಎತ್ತರ. ಕನಿಷ್ಠ ಒಂದು ಪ್ರವಾಹದ ಅವಧಿಯ ಗಂಟೆವಾರು ಒಳಹರಿವು, ಮಟ್ಟ ಮತ್ತು ಗೇಟ್ ರಿಜಿಸ್ಟರಿನ, ಅಂದರೆ ಗೇಟುಗಳನ್ನು ಯಾವಾಗ ಎಷ್ಟು ಎತ್ತಿದರು ಎಂದು ಬರೆದಿಡುವ ಪುಸ್ತಕದ, ನಕಲು. ಅಣೆಕಟ್ಟಿನ ಕೆಳಗಿನ ನದಿಯ ಅಡ್ಡಸೀಳಿಕೆಗಳು. ಗೇಟ್ ರಿಜಿಸ್ಟರ್ ಸಿಗುವುದು ಕಷ್ಟ, ಅದಕ್ಕಾಗಿ ಲಿಖಿತ ಮನವಿ ಕೊಟ್ಟು ಕಾಯಬೇಕಾಗಬಹುದು. ಆದರೂ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

1. ಜಲಾಶಯ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ

ತಂತ್ರಾಂಶ ತೆರೆಯುವ ಮೊದಲು ಮಾಡಬೇಕಾದ ಕೆಲಸ ಇದು. ಜಲಾಶಯದ ಒಟ್ಟು ಸಂಗ್ರಹವನ್ನು ನಿಮ್ಮ ಪ್ರವಾಹದ ಹರಿವಿನಿಂದ ಭಾಗಿಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ. ಮಳೆಗಾಲದಲ್ಲಿ 70,000 ಕ್ಯೂಸೆಕ್ ಒಳಹರಿವು ಬಂದರೆ ಬರಿದಾದ ಜಲಾಶಯ ತುಂಬಲು ಹದಿಮೂರು ಗಂಟೆಯೂ ಬೇಡ. ಅದೇ ಹರಿವು ಸುಮಾರು 151 ಟಿಎಂಸಿಯ ಲಿಂಗನಮಕ್ಕಿಗೆ ಬಂದರೆ ಇಪ್ಪತ್ತೈದು ದಿನ ಬೇಕು.

ಈ ಎರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ವಿಧಾನವನ್ನು ನಿರ್ಧರಿಸುತ್ತದೆ. ಗಾಜನೂರು ಪ್ರವಾಹವನ್ನು ಹಿಡಿದಿಡುವ ಜಲಾಶಯವಲ್ಲ; ಮಳೆಗಾಲದಲ್ಲಿ ಅದು ತುಂಬಿಯೇ ಇರುವುದರಿಂದ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆಗಳ ಕಡೆಯಿಂದ ಬಂದ ನೀರು ಹೆಚ್ಚುಕಡಿಮೆ ಹಾಗೆಯೇ ಶಿವಮೊಗ್ಗದ ಕಡೆಗೆ ಇಳಿಯುತ್ತದೆ. ಅಲ್ಲಿ ನದಿಯ ಹರಿವಿನ ಗತಿಯೇ ಮುಖ್ಯವಾದ್ದರಿಂದ ಹಿನ್ನೀರಿನುದ್ದಕ್ಕೂ ಅಡ್ಡಸೀಳಿಕೆಗಳನ್ನು ಹಾಕಬೇಕು. ಲಿಂಗನಮಕ್ಕಿಯಲ್ಲಿ ಹಾಗಲ್ಲ: ನೀರಿನ ಮೇಲ್ಮೈ ಬಹುತೇಕ ಸಮತಟ್ಟಾಗಿ ಏರುತ್ತದೆ ಎಂದು ಒಪ್ಪಿಕೊಂಡು ಇಡೀ ಜಲಾಶಯವನ್ನು ಒಂದೇ ತೊಟ್ಟಿಯಂತೆ ನೋಡಬಹುದು. ಆ ತೊಟ್ಟಿಗೆ ಹೆಕ್-ರಾಸ್‌ನಲ್ಲಿ ‘ಸ್ಟೋರೇಜ್ ಏರಿಯಾ’ ಎಂದು ಹೆಸರು. ಭದ್ರಾ ಜಲಾಶಯ, 71.5 ಟಿಎಂಸಿ, ಅದೇ ಜಾತಿಗೆ ಸೇರಿದ್ದು. ನಿಮ್ಮ ಪ್ರಶ್ನೆ ಹಿನ್ನೀರಿನ ತುದಿಯ ಒಂದು ಊರು ಮುಳುಗುತ್ತದೆಯೇ ಎಂಬುದಾದರೆ ಮಾತ್ರ ಅಲ್ಲಿಯೂ ಅಡ್ಡಸೀಳಿಕೆ ಅಥವಾ ಎರಡು ಆಯಾಮದ ಜಾಲರಿ (ಜಾಗವನ್ನು ಸಣ್ಣ ಸಣ್ಣ ಮನೆಗಳಾಗಿ ಹಂಚಿ ನೀರು ಎಲ್ಲ ದಿಕ್ಕಿಗೂ ಹರಿಯುವುದನ್ನು ಲೆಕ್ಕ ಹಾಕುವ ವಿಧಾನ) ಬೇಕು, ಏಕೆಂದರೆ ಹೊಳೆ ಬಂದು ಸೇರುವ ತುದಿಯಲ್ಲಿ ನೀರಿನ ಮೇಲ್ಮೈ ಸಮತಟ್ಟಾಗಿರುವುದಿಲ್ಲ.

ಎಲ್ಲದಕ್ಕೂ ಎರಡು ಆಯಾಮದ ಜಾಲರಿಯೇ ಉತ್ತಮ ಎಂಬ ನಂಬಿಕೆ ಈಗ ಹರಡಿದೆ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ನಿಜ. ಜಲಾಶಯದ ತಳದ ಅಳತೆ ಇಲ್ಲದೆ ಹಾಕಿದ ಜಾಲರಿ, ಒಳ್ಳೆಯ ಪಟ್ಟಿಯಿರುವ ತೊಟ್ಟಿಗಿಂತ ಕೆಟ್ಟ ಉತ್ತರ ಕೊಡುತ್ತದೆ ಎಂಬುದೂ ಅಷ್ಟೇ ನಿಜ.

2. ಎಲ್ಲ ಮಟ್ಟಗಳನ್ನೂ ಒಂದೇ ಸೊನ್ನೆಗೆ ತನ್ನಿ

ಹೆಚ್ಚು ಮಾದರಿಗಳು ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪತ್ರಿಕೆಯಲ್ಲಿ ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಎಂದೂ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಎಂದೂ ಅಕ್ಕಪಕ್ಕದಲ್ಲೇ ಅಚ್ಚಾಗುತ್ತದೆ. ಮೊದಲನೆಯದು ಸಮುದ್ರ ಮಟ್ಟದಿಂದ ಎಣಿಸಿದ್ದು, ಅಂದರೆ ಸುಮಾರು 554.4 ಮೀಟರ್. ಎರಡನೆಯದು ಅಣೆಕಟ್ಟಿನದೇ ಅಳತೆಪಟ್ಟಿಯ ಸೊನ್ನೆಯಿಂದ ಎಣಿಸಿದ್ದು. ಭದ್ರಾದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ ಸುಮಾರು 2158 ಅಡಿ, ಅಂದರೆ 657.7 ಮೀಟರ್. ಆದ್ದರಿಂದ ಭದ್ರಾದ ದೈನಿಕ ಮಟ್ಟಕ್ಕೆ 1972 ಅಡಿ ಸೇರಿಸಿ, ಆಮೇಲೆ 0.3048ರಿಂದ ಗುಣಿಸಬೇಕು. ಇಂದಿನ ಮಟ್ಟ 180 ಅಡಿ ಎಂದಿದ್ದರೆ ಮಾದರಿಗೆ ಹೋಗಬೇಕಾದದ್ದು 655.9 ಮೀಟರ್. 180 ಅಡಿಯನ್ನು ನೇರವಾಗಿ 54.9 ಮೀಟರ್ ಎಂದು ತುಂಬಿದರೆ ಜಲಾಶಯ ತನ್ನ ತಳಕ್ಕಿಂತ ನೂರಾರು ಮೀಟರ್ ಕೆಳಗೆ ಇರುತ್ತದೆ. ತಂತ್ರಾಂಶ ಆಗ ಕೊಡುವ ದೋಷಸೂಚನೆಯಿಂದ ಮೂಲ ಕಾರಣ ಊಹಿಸುವುದು ಸುಲಭವಲ್ಲ.

ಇದೇ ಜಾಗದಲ್ಲಿ ಇನ್ನೊಂದು ಹಳ್ಳವಿದೆ. ನೀವೇ ಜಿಪಿಎಸ್ ಉಪಕರಣ ಹಿಡಿದು ಅಡ್ಡಸೀಳಿಕೆ ಅಳೆದಿದ್ದರೆ ಅದು ಕೊಡುವ ಎತ್ತರ ಸಮುದ್ರ ಮಟ್ಟದ್ದೋ ಅಥವಾ ಭೂಮಿಯ ಗಣಿತೀಯ ಆಕಾರವಾದ ದೀರ್ಘವೃತ್ತಜದ್ದೋ ಎಂದು ನೋಡಿಕೊಳ್ಳಿ. ನಮ್ಮ ಕಡೆ ಇವೆರಡರ ನಡುವೆ ಸುಮಾರು 80ರಿಂದ 90 ಮೀಟರ್ ವ್ಯತ್ಯಾಸವಿದೆ, ದೀರ್ಘವೃತ್ತಜದ ಎತ್ತರವೇ ಕಡಿಮೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಅಪಾಯಕಾರಿಯಾದದ್ದು ಒಂದೆರಡು ಮೀಟರಿನ ತಪ್ಪು: ಅಣೆಕಟ್ಟಿನ ನಕ್ಷೆಯ ಮಟ್ಟವೂ ಉಪಗ್ರಹದ ಭೂಎತ್ತರ ಕಡತದ, ಅಂದರೆ ಮೇಲಿನಿಂದ ಅಳೆದ ನೆಲದೆತ್ತರಗಳ ಕಡತದ, ಮಟ್ಟವೂ ಅಷ್ಟರಮಟ್ಟಿಗೆ ಹೊಂದದೇ ಇರುವುದು ಸಾಮಾನ್ಯ, ಮತ್ತು ಅದು ಯಾವ ದೋಷಸೂಚನೆಯನ್ನೂ ಕೊಡದೆ ಫಲಿತಾಂಶವನ್ನು ಕೆಡಿಸುತ್ತದೆ. ಎರಡರಲ್ಲೂ ಗುರುತಿಸಬಹುದಾದ ಒಂದು ಗಟ್ಟಿ ಜಾಗವನ್ನು, ಅಣೆಕಟ್ಟಿನ ನೆತ್ತಿಯ ರಸ್ತೆಯನ್ನೋ ಸೇತುವೆಯ ಅಂಚಿನ ರಸ್ತೆಯನ್ನೋ, ಹಿಡಿದು ಹೋಲಿಸಿ.

3. ಭೂಎತ್ತರ ಕಡತವನ್ನು ಮಲೆನಾಡಿನಲ್ಲಿ ಕುರುಡಾಗಿ ನಂಬಬೇಡಿ

ಉಚಿತವಾಗಿ ಸಿಗುವ ಭೂಎತ್ತರ ಕಡತಗಳಲ್ಲಿ ಬಹುಬಳಕೆಯದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಸ್ಯಾಟ್ ಉಪಗ್ರಹದ ಕಡತವೂ ಸಿಗುತ್ತದೆ. ಎರಡೂ ಇಲ್ಲಿ ಒಂದೇ ಕಾರಣಕ್ಕೆ ಮೋಸ ಮಾಡುತ್ತವೆ: ಅವು ಕಾಣುವುದು ನೆಲವನ್ನಲ್ಲ, ನೆಲದ ಮೇಲಿರುವುದನ್ನು. ಬಯಲುಸೀಮೆಯ ಹೊಲಗಳಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಮಲೆನಾಡಿನಲ್ಲಿ ಅಡಿಕೆ ತೋಟಗಳು ಇರುವುದೇ ಕಣಿವೆಯ ತಳದಲ್ಲಿ, ಹಳ್ಳದ ಮಗ್ಗುಲಲ್ಲಿ. ಅಂದರೆ ಪ್ರವಾಹದ ನೀರು ಮೊದಲು ನುಗ್ಗುವ ಜಾಗವೇ ಕಡತದಲ್ಲಿ ಮರದ ಎತ್ತರದಷ್ಟು ಉಬ್ಬಿ ನಿಂತಿರುತ್ತದೆ. ಅಂಥ ಕಡತದ ಮೇಲೆ ಮಾಡಿದ ಮುಳುಗಡೆ ನಕ್ಷೆಯಲ್ಲಿ ತೋಟಗಳಿಗೆಲ್ಲ ನೀರು ಮುಟ್ಟದೆ, ಪಕ್ಕದ ಗದ್ದೆ ಮಾತ್ರ ಮುಳುಗಿದಂತೆ ಕಾಣುವುದನ್ನು ನೀವು ನೋಡಿರಬಹುದು. ಮರದ ಎತ್ತರವನ್ನು ಕಳೆದು ತಿದ್ದಿದ ಕಡತಗಳು ಈಗ ದೊರೆಯುತ್ತವೆ, ಅವನ್ನೇ ಬಳಸಿ. ಆದರೂ ನದಿಯ ಪಾತ್ರವನ್ನು ಮಾತ್ರ ಅಳತೆ ಮಾಡಿದ ಅಡ್ಡಸೀಳಿಕೆಗಳಿಂದ, ಹೆಕ್-ರಾಸ್‌ನದೇ ನಕ್ಷೆಯ ಭಾಗವಾದ ರಾಸ್ ಮ್ಯಾಪರ್‌ನಲ್ಲಿ ಕೊರೆದು ಕೂರಿಸಬೇಕು.

ಜಲಾಶಯದ ವಿಚಾರದಲ್ಲಿ ಮೋಸ ಇನ್ನೂ ಸರಳ. ರೇಡಾರ್ ನೀರಿನೊಳಕ್ಕೆ ನೋಡುವುದಿಲ್ಲ. ಕಡತದಲ್ಲಿ ಲಿಂಗನಮಕ್ಕಿ ಎಂದರೆ ಅಳತೆ ನಡೆದ ದಿನಗಳ ನೀರಿನ ಮೇಲ್ಮೈ, ಒಂದು ಚಪ್ಪಟೆ ಹಲಗೆ. ಅದರ ಕೆಳಗಿನ ನೀರೆಲ್ಲ ನಿಮ್ಮ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹಾಗಾಗಿ ಸಂಗ್ರಹವನ್ನು ಕಡತದಿಂದ ಎಣಿಸದೆ ಯೋಜನೆಯ ಪಟ್ಟಿಯಿಂದಲೇ ತೆಗೆದುಕೊಳ್ಳಿ, ಹೂಳಿನ ಮರುಸಮೀಕ್ಷೆ ನಡೆದಿದ್ದರೆ ಹೊಸ ಪಟ್ಟಿಯನ್ನು ಕೇಳಿ ಪಡೆಯಿರಿ.

4. ಜಲಾಶಯವನ್ನು ತುಂಬಿಸುವುದು

ಸ್ಟೋರೇಜ್ ಏರಿಯಾ ಗೆರೆಯನ್ನು ಎಳೆದು ಮಟ್ಟ–ಸಂಗ್ರಹ ಪಟ್ಟಿಯನ್ನು ತುಂಬಿ. ಮೆಟ್ರಿಕ್ ಮಾನದಲ್ಲಿ ಸಂಗ್ರಹವನ್ನು ಸಾವಿರ ಘನ ಮೀಟರುಗಳಲ್ಲಿ ಕೊಡಬೇಕು. ಒಂದು ಟಿಎಂಸಿ ಎಂದರೆ ಅಲ್ಲಿ 28,317. ಅಡಿಮಾನದಲ್ಲಿ ಎಕರೆ-ಅಡಿ ಕೇಳುತ್ತದೆ. ಆಗ ಒಂದು ಟಿಎಂಸಿಗೆ 22,957. ಪಟ್ಟಿಯನ್ನು ಪೂರ್ಣ ಮಟ್ಟಕ್ಕೇ ನಿಲ್ಲಿಸಬೇಡಿ, ಅಣೆಕಟ್ಟಿನ ನೆತ್ತಿಗಿಂತ ಮೇಲಕ್ಕೂ ಎಳೆಯಿರಿ. ದೊಡ್ಡ ಪ್ರವಾಹದ ಪರೀಕ್ಷೆಯಲ್ಲಿ ನೀರು ಪೂರ್ಣ ಮಟ್ಟ ದಾಟಿದಾಗ ಪಟ್ಟಿ ಮುಗಿದಿದ್ದರೆ ಅದರಾಚೆಗಿನ ಸಂಗ್ರಹ ಬರೀ ಊಹೆಯಾಗುತ್ತದೆ.

ಸ್ಟೋರೇಜ್ ಏರಿಯಾವನ್ನು ನದಿಯ ಮೇಲ್ತುದಿಗೆ ಕಟ್ಟಿ, ಅದಕ್ಕೂ ಅಣೆಕಟ್ಟಿಗೂ ನಡುವೆ ಎರಡು ಅಡ್ಡಸೀಳಿಕೆಗಳನ್ನು ಹತ್ತಿರ ಹತ್ತಿರ ಇಡಿ: ಮೊದಲನೆಯದು ತೊಟ್ಟಿಯನ್ನು ನದಿಗೆ ಜೋಡಿಸುತ್ತದೆ, ಎರಡನೆಯದು ಅಣೆಕಟ್ಟಿಗೆ ಮೇಲಿನ ಗಡಿಯಾಗುತ್ತದೆ. ಇವೆರಡರ ನಡುವಿನ ನೀರು ತೊಟ್ಟಿಯ ಪಟ್ಟಿಯಲ್ಲಿ ಈಗಾಗಲೇ ಸೇರಿರುವುದರಿಂದ ಅಂತರ ಹೆಚ್ಚಿದಷ್ಟೂ ಅದೇ ನೀರನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಹಿನ್ನೀರಿನುದ್ದಕ್ಕೂ ಅಡ್ಡಸೀಳಿಕೆ ಹಾಕಿದವರು ಸ್ಟೋರೇಜ್ ಏರಿಯಾವನ್ನು ಮತ್ತೆ ಸೇರಿಸಲೇಬಾರದು.

ಇಲ್ಲಿ ಶರಾವತಿ ಕಣಿವೆಯ ವಿಶೇಷವೊಂದನ್ನು ಹೇಳದೆ ಮುಂದೆ ಹೋಗಲಾಗದು. ಲಿಂಗನಮಕ್ಕಿಯ ಹಿನ್ನೀರಿನೊಳಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಳುಗಿದೆ, ನೀರು ಬಹಳ ಇಳಿದ ವರ್ಷಗಳಲ್ಲಿ ತಲೆ ತೋರಿಸುತ್ತದೆ. ನೀರು ಮೇಲಿರುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬೇಸಿಗೆಯ ಕೆಳಮಟ್ಟದ ಅಧ್ಯಯನ ಮಾಡುವವರು ‘ಇಡೀ ಜಲಾಶಯ ಒಂದೇ ತೊಟ್ಟಿ’ ಎಂಬ ಊಹೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಆ ಅಣೆಕಟ್ಟಿನಲ್ಲಿರುವಂಥ ಸೈಫನ್ ಕೋಡಿಗೆ, ಅಂದರೆ ನೀರನ್ನು ಕೊಳವೆಯಲ್ಲಿ ಹೀರಿ ತಾನೇ ಹೊರಹಾಕುವ ಕೋಡಿಗೆ, ಸಾಧಾರಣ ಕೋಡಿಯ ಸೂತ್ರ ಹೊಂದುವುದಿಲ್ಲ. ಮಟ್ಟ–ಹರಿವು ಪಟ್ಟಿಯನ್ನು ನಾವೇ ಕೊಡಬೇಕು.

5. ಅಣೆಕಟ್ಟು ಮತ್ತು ಗೇಟುಗಳು

ನದಿಗೆ ಅಡ್ಡವಾಗಿ ‘ಇನ್‌ಲೈನ್ ಸ್ಟ್ರಕ್ಚರ್’ ಸೇರಿಸಿ, ದಡದಿಂದ ದಡಕ್ಕೆ ನೆತ್ತಿಯ ಮಟ್ಟವನ್ನು ತುಂಬಿ, ಅದರೊಳಗೆ ಗೇಟುಗಳನ್ನು ಇಡಿ. ಎರಡು ಆಯಾಮದ ಜಾಲರಿಯಾದರೆ ಇದೇ ಕೆಲಸವನ್ನು ‘ಎಸ್‌ಎ/2ಡಿ ಕನೆಕ್ಷನ್’ ಮಾಡುತ್ತದೆ.

ಗೇಟಿಗೆ ಎರಡು ಗುಣಾಂಕ (ನೀರಿನ ಮಟ್ಟದಿಂದ ಹರಿವನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಗುಣಿಸುವ ಸಂಖ್ಯೆ) ಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಗೇಟು ಸ್ವಲ್ಪವೇ ಎತ್ತಿದ್ದಾಗ ನೀರು ಅದರ ಕೆಳಗಿನ ಸಂದಿಯಿಂದ ಒತ್ತಡದಲ್ಲಿ ನುಗ್ಗುತ್ತದೆ. ಬಾಗಿದ ರೇಡಿಯಲ್ ಗೇಟಿಗೆ ಈ ಸ್ಥಿತಿಯ ಗುಣಾಂಕ ಸಾಮಾನ್ಯವಾಗಿ 0.6ರಿಂದ 0.8. ಗೇಟು ಪೂರ್ತಿ ಎತ್ತಿ ನೀರು ಅದರ ಅಂಚನ್ನು ಮುಟ್ಟದೆ ಹರಿಯತೊಡಗಿದಾಗ ಅದು ಬರೀ ಕೋಡಿಯಾಗುತ್ತದೆ. ನೀರಿನ ಧಾರೆಯ ಆಕಾರಕ್ಕೆ ಬಾಗಿಸಿ ಕಟ್ಟಿದ ಓಜಿ ಕೋಡಿಗೆ ಮೆಟ್ರಿಕ್ ಮಾನದಲ್ಲಿ ಗುಣಾಂಕ ಸುಮಾರು 2ರಿಂದ 2.2, ಅಗಲ ನೆತ್ತಿಯ ಕಟ್ಟೆಗೆ ಹೆಚ್ಚೆಂದರೆ 1.7. ತಂತ್ರಾಂಶ ತಾನೇ ತುಂಬಿಟ್ಟಿರುವ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಓಜಿ ಕೋಡಿಯ ಹರಿವು ಕಡಿಮೆಯಾಗಿ, ಜಲಾಶಯದ ಮಟ್ಟ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಣೆಕಟ್ಟಿನ ಕಚೇರಿಯಲ್ಲಿ ಗೇಟಿನ ಎತ್ತರಕ್ಕೆ ತಕ್ಕ ಹೊರಹರಿವಿನ ಪಟ್ಟಿ ಇದ್ದರೆ ಅದಕ್ಕೆ ಹೊಂದುವಂತೆ ಗುಣಾಂಕವನ್ನು ತಿದ್ದಿ.

ಗಾಜನೂರಿನಂಥ ಕಡೆ ಇನ್ನೊಂದು ಎಚ್ಚರ. ಹೊಳೆ ತುಂಬಿ ಹರಿಯುವಾಗ ಅಣೆಕಟ್ಟಿನ ಕೆಳಗಿನ ನೀರೂ ಏರಿ ಹೊಸ್ತಿಲನ್ನು ಮುಳುಗಿಸಬಹುದು; ಆಗ ಗೇಟಿನ ಹರಿವನ್ನು ಕೆಳಗಿನ ಮಟ್ಟವೂ ತಡೆಯುತ್ತದೆ. ಕೆಳಗಿನ ಮೊದಲ ಕೆಲವು ಅಡ್ಡಸೀಳಿಕೆಗಳು ಸರಿಯಿಲ್ಲದಿದ್ದರೆ ಮೇಲಿನ ಜಲಾಶಯದ ಮಟ್ಟವೂ ತಪ್ಪುತ್ತದೆ.

ಎಲ್ಲ ಗೇಟುಗಳನ್ನೂ ಒಂದೇ ಗುಂಪಿಗೆ ಹಾಕುವುದು ಸುಲಭ, ಆದರೆ ಗುಂಪಿನ ಗೇಟುಗಳೆಲ್ಲ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಮೂವತ್ತಮೂರು ಗೇಟುಗಳ ಪೈಕಿ 19ನೆಯದು ಮಾತ್ರ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಂಥದ್ದನ್ನು ಪರೀಕ್ಷಿಸಬೇಕಾದರೆ ಆ ಒಂದು ಗೇಟಿಗೆ ಪ್ರತ್ಯೇಕ ಗುಂಪು ಇರಬೇಕು.

6. ಗೇಟ್ ಯಾರ ಮಾತು ಕೇಳಬೇಕು?

ಮೂರು ದಾರಿಗಳಿವೆ. ನಡೆದುಹೋದ ಪ್ರವಾಹವನ್ನು ಮರುಸೃಷ್ಟಿಸುವುದಾದರೆ ರಿಜಿಸ್ಟರಿನ ಗೇಟ್ ಎತ್ತರಗಳನ್ನು ಗಂಟೆವಾರು ತುಂಬಿ. ಮುಂದೆ ಬರಬಹುದಾದ ಪ್ರವಾಹಕ್ಕೆ, ನೀರು ಇಂಥ ಮಟ್ಟ ಮುಟ್ಟಿದರೆ ತೆರೆ, ಇಂಥ ಮಟ್ಟಕ್ಕೆ ಇಳಿದರೆ ಮುಚ್ಚು ಎಂಬ ಮಟ್ಟಾಧಾರಿತ ನಿಯಂತ್ರಣ ಸಾಕು. ಒಳಹರಿವು, ತಿಂಗಳು, ಕೆಳಗಿನ ಊರಿನ ಮಟ್ಟ ಎಲ್ಲವನ್ನೂ ನೋಡಿ ನಿರ್ಧರಿಸಬೇಕಾದರೆ ‘ರೂಲ್ಸ್’ ಎಂಬ ಸಣ್ಣ ಬರಹದ ಸೌಲಭ್ಯವಿದೆ. ಮೊದಲ ಮಾದರಿಯಲ್ಲಿ ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ತೆರೆಯುವ ಮಟ್ಟವನ್ನೂ ಮುಚ್ಚುವ ಮಟ್ಟವನ್ನೂ ಒಂದೇ ಇಟ್ಟರೆ ಗೇಟು ಪ್ರತಿ ಹೆಜ್ಜೆಗೂ ಏರಿಳಿಯುತ್ತ ಕುಣಿಯತೊಡಗುತ್ತದೆ. ಎರಡರ ನಡುವೆ ಹತ್ತಿಪ್ಪತ್ತು ಸೆಂಟಿಮೀಟರ್ ಬಿಡಿ. ಗೇಟು ಏರುವ ವೇಗವನ್ನು ಯಂತ್ರದ ನಿಜವಾದ ವೇಗಕ್ಕೆ ಇಳಿಸಿ. ಕಣ್ಣುಮಿಟುಕಿಸುವಷ್ಟರಲ್ಲಿ ತೆರೆಯುವ ಗೇಟು ನದಿಯಲ್ಲಿ ಇಲ್ಲದ ಅಲೆಯೊಂದನ್ನು ಹುಟ್ಟಿಸುತ್ತದೆ.

ಗೇಟಿನಿಂದ ಹೊರಗೆ ಹೋಗದ ನೀರನ್ನೂ ಮರೆಯಬಾರದು. ಭದ್ರಾದಿಂದ ಎಡದಂಡೆ, ಬಲದಂಡೆ ನಾಲೆಗಳಿಗೆ ಹೋಗುವ ನೀರನ್ನು ಕಳೆಯಬೇಕು. ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗೆ ಬಿಡುವ ನೀರು ತಲಕಳಲೆಯ ಕಡೆಗೆ ಹೋಗುತ್ತದೆ, ಗೇಟಿನಿಂದ ಬಿಟ್ಟದ್ದು ಮಾತ್ರ ಜೋಗದ ಕಡೆಗೆ. ಒಳಬರುವುದರಲ್ಲಿ ಚಕ್ರಾ, ಸಾವೆಹಕ್ಲು ಜಲಾಶಯಗಳಿಂದ ತಿರುಗಿಸಿದ ನೀರೂ ಸೇರಿದೆ.

7. ಗಡಿಗಳು ಮತ್ತು ಸಮಯದ ಹೆಜ್ಜೆ

ಮೇಲ್ತುದಿಗೆ ಒಳಹರಿವಿನ ರೇಖೆ, ದಾರಿಯಲ್ಲಿ ಸೇರುವ ಹೊಳೆಗಳಿಗೆ ಅಡ್ಡಹರಿವು, ಕೆಳತುದಿಗೆ ಮಟ್ಟ–ಹರಿವು ಸಂಬಂಧ ಅಥವಾ ನದಿಯ ಇಳಿಜಾರು ಕೊಡಬೇಕು. ತುಂಗೆಯ ಮಾದರಿಯನ್ನು ತೀರ್ಥಹಳ್ಳಿಯ ಮೇಲಿನಿಂದ ಆರಂಭಿಸಿದರೆ ಆಗುಂಬೆ ಕಡೆಯಿಂದ ಬರುವ ಮಾಲತಿಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಕೆಳತುದಿಯನ್ನು ಶಿವಮೊಗ್ಗದ ಸೇತುವೆಗೇ ನಿಲ್ಲಿಸುವುದು ಸಾಮಾನ್ಯ ತಪ್ಪು: ತುಂಗೆ ಮತ್ತು ಭದ್ರೆ ಸೇರುವ ಕೂಡಲಿಯಲ್ಲಿ ಭದ್ರೆ ತುಂಬಿ ಬಂದಾಗ ತುಂಗೆ ಸರಾಗವಾಗಿ ಹರಿಯಲಾರದೆ ಹಿಂದೆ ನಿಲ್ಲಬಹುದು, ಅದರ ಪ್ರಭಾವ ಎಲ್ಲಿಯವರೆಗೆ ಎಂಬುದು ಮಾದರಿ ಕೂಡಲಿಯನ್ನು ದಾಟಿದರೆ ಮಾತ್ರ ತಿಳಿಯುತ್ತದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇರುವ ಹೊನ್ನಾಳಿಯವರೆಗೆ ಒಯ್ಯುವುದು ಉತ್ತಮ.

ಸಮಯದ ಹೆಜ್ಜೆ ಎಂದರೆ ತಂತ್ರಾಂಶ ಎಷ್ಟು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ ಎಂಬುದು. ಅಡ್ಡಸೀಳಿಕೆಗಳ ಅಂತರ 300 ಮೀಟರ್, ಪ್ರವಾಹದ ಅಲೆಯ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ ಅಲೆ ಒಂದರಿಂದ ಇನ್ನೊಂದಕ್ಕೆ 100 ಸೆಕೆಂಡಿನಲ್ಲಿ ತಲುಪುತ್ತದೆ. ಹೆಜ್ಜೆ ಅದಕ್ಕಿಂತ ಚಿಕ್ಕದಿರಲಿ, 30 ಅಥವಾ 60 ಸೆಕೆಂಡು. ಆರಂಭದ ಜಲಾಶಯ ಮಟ್ಟ, ಆರಂಭದ ಗೇಟ್ ಎತ್ತರ ಮತ್ತು ಆರಂಭದ ನದಿ ಹರಿವು ಮೂರೂ ಒಂದಕ್ಕೊಂದು ಒಪ್ಪುವಂತಿರಬೇಕು. ಇಲ್ಲದಿದ್ದರೆ ಮೊದಲ ಗಂಟೆಗಳಲ್ಲೇ ಮಾದರಿ ಒಡೆಯುತ್ತದೆ.

8. ಗೇಟು ಮುಚ್ಚಿ ಪರೀಕ್ಷಿಸಿ

ಪ್ರವಾಹ ಹರಿಸುವ ಮೊದಲು ಎಲ್ಲ ಗೇಟುಗಳನ್ನೂ ಮುಚ್ಚಿ, ನಾಲೆಗಳನ್ನು ನಿಲ್ಲಿಸಿ, ಜಲಾಶಯಕ್ಕೆ 11,574 ಕ್ಯೂಸೆಕ್, ಮೆಟ್ರಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 327.7 ಘನ ಮೀಟರ್, ನೀರನ್ನು ಒಂದು ದಿನ ಬಿಡಿ. ಅಷ್ಟು ಹರಿವು ಒಂದು ದಿನಕ್ಕೆ ಸರಿಯಾಗಿ ಒಂದು ಟಿಎಂಸಿ. ದಿನದ ಕೊನೆಗೆ ಮಟ್ಟ ಎಷ್ಟೇರಿತು ಎಂದು ನೋಡಿ, ಪಟ್ಟಿಯಲ್ಲಿ ಒಂದು ಟಿಎಂಸಿ ಹೆಚ್ಚಿದರೆ ಎಷ್ಟೇರಬೇಕೋ ಅದಕ್ಕೆ ಹೋಲಿಸಿ. ಹೊಂದದಿದ್ದರೆ ತಪ್ಪು ಮಾನದಲ್ಲಿದೆ, ಎರಡು ಬಾರಿ ಎಣಿಸಿದ್ದರಲ್ಲಿದೆ ಅಥವಾ ಎಲ್ಲೋ ಸೋರುವ ನೆತ್ತಿಯಲ್ಲಿದೆ. ಈ ಪರೀಕ್ಷೆಗೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಇದನ್ನು ಮಾಡದ ಜಲಾಶಯ ಮಾದರಿಯ ವರದಿಯನ್ನು ಓದುವುದರಲ್ಲಿ ನನಗೆ ಆಸಕ್ತಿ ಉಳಿಯುವುದಿಲ್ಲ. ಪ್ರತಿ ಓಟದ ನಂತರ ಬರುವ ನೀರಿನ ಜಮಾಖರ್ಚಿನ ದೋಷದ ಶೇಕಡಾವನ್ನೂ ನೋಡುತ್ತಿರಿ.

9. ಹೊಳೆಯ ಗುರುತಿಗೆ ಹೊಂದಿಸಿ

ನದಿಯ ತಳದ ಒರಟುತನವನ್ನು ಸೂಚಿಸುವ ಮ್ಯಾನಿಂಗ್ ಗುಣಾಂಕವನ್ನು ತಿದ್ದುತ್ತ ಮಾದರಿಯ ಮಟ್ಟವನ್ನು ಕಂಡ ಮಟ್ಟಕ್ಕೆ ಹೊಂದಿಸುವ ಹಂತ ಇದು. ಶಿವಮೊಗ್ಗದಲ್ಲಿ ಇದಕ್ಕೊಂದು ಒಳ್ಳೆಯ ಗುರುತಿದೆ: ತುಂಗೆಯ ಪಾತ್ರದಲ್ಲಿರುವ ಕೋರ್ಪಲಯ್ಯನ ಛತ್ರದ ಮಂಟಪ. ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು ಎಂಬುದು ಊರಿನ ರೂಢಿ; ಪ್ರತಿ ಮಳೆಗಾಲದಲ್ಲೂ ಜನ ಅದರ ಫೋಟೊ ತೆಗೆಯುತ್ತಾರೆ. ಮಂಟಪದ ನೆತ್ತಿಯ ಮಟ್ಟವನ್ನು ಅಳೆದು, ಫೋಟೊ ತೆಗೆದ ಹೊತ್ತನ್ನು ಗುರುತು ಮಾಡಿಕೊಂಡು, ಆ ಹೊತ್ತಿಗೆ ಗಾಜನೂರಿನಿಂದ ಎಷ್ಟು ನೀರು ಬಿಟ್ಟಿದ್ದರು ಎಂದು ರಿಜಿಸ್ಟರಿನಲ್ಲಿ ನೋಡಿದರೆ, ಮಟ್ಟ ಮತ್ತು ನೀರು ತಲುಪುವ ಸಮಯ ಎರಡಕ್ಕೂ ಸಾಕ್ಷಿ ಸಿಕ್ಕಂತಾಯಿತು. ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ 2019ರ ಆಗಸ್ಟ್ ಪ್ರವಾಹದ ಗುರುತುಗಳು ಇನ್ನೊಂದು ಆಧಾರ. ಒಂದು ಪ್ರವಾಹಕ್ಕೆ ಹೊಂದಿಸಿ, ಬೇರೊಂದರ ಮೇಲೆ ಪರೀಕ್ಷಿಸಿ. ಮಟ್ಟ ಹೊಂದಲೆಂದು ಮ್ಯಾನಿಂಗ್ ಗುಣಾಂಕವನ್ನು ಕಾಡಿನ ಮಧ್ಯದ ಹಳ್ಳದಷ್ಟು ಏರಿಸಬೇಕಾಗಿ ಬಂದರೆ ತಪ್ಪು ಅಲ್ಲಿಲ್ಲ, ಎರಡನೆಯ ಹಂತಕ್ಕೆ ಹಿಂತಿರುಗಿ ಮಟ್ಟಗಳ ಸೊನ್ನೆಯನ್ನು ನೋಡಿ.

ಅಣೆಕಟ್ಟು ಒಡೆಯುವ ಲೆಕ್ಕದ ಬಗ್ಗೆ

ಇದೇ ಮಾದರಿಯಲ್ಲಿ ಅಣೆಕಟ್ಟು ಒಡೆಯುವ ಸ್ಥಿತಿಯನ್ನೂ ಓಡಿಸಬಹುದು, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಬೇಕಾಗಿರುವುದರಿಂದ ಈ ಲೆಕ್ಕಕ್ಕೆ ಬೇಡಿಕೆಯೂ ಇದೆ. ಮಣ್ಣಿನ ಏರಿಯ ಸೂತ್ರಗಳನ್ನು ಕಲ್ಲುಗಾರೆಯ ಅಥವಾ ಕಾಂಕ್ರೀಟಿನ ಅಣೆಕಟ್ಟಿಗೆ ಹಚ್ಚುವುದು ಇಲ್ಲಿಯ ದೊಡ್ಡ ತಪ್ಪು. ಮಣ್ಣಿನ ಏರಿ ಕೊರೆದುಕೊಂಡು ಹೋಗುತ್ತದೆ, ಬಿರುಕು ಅಗಲವಾಗಲು ಹೊತ್ತು ಬೇಕು. ತನ್ನ ಭಾರದಿಂದ ನಿಂತ ಕಟ್ಟಡದಲ್ಲಿ ಒಂದೋ ಎರಡೋ ಖಂಡಗಳು ನಿಮಿಷಗಳಲ್ಲಿ ಜಾರುತ್ತವೆ ಎಂದು ಊಹಿಸಬೇಕು. ಒಂದೇ ಊಹೆಗೆ ನಿಲ್ಲದೆ ಬಿರುಕಿನ ಅಗಲ ಮತ್ತು ಸಮಯವನ್ನು ಬದಲಿಸಿ ಹಲವು ಓಟಗಳನ್ನು ಮಾಡಿ.

ಆ ನಕ್ಷೆಗಳನ್ನು ಮಾತ್ರ ವಾಟ್ಸಾಪಿಗೆ ಹಾಕಬೇಡಿ. ‘ಕಲ್ಪಿತ ಸ್ಥಿತಿ’ ಎಂಬ ಸಾಲು ಎರಡನೆಯ ಬಾರಿ ಕಳಿಸುವಷ್ಟರಲ್ಲೇ ಕತ್ತರಿಸಿಹೋಗಿರುತ್ತದೆ, ಮಳೆಗಾಲದ ನಡುವೆ ಅದು ಹೊಳೆಯಂಚಿನ ಮನೆಗಳಿಗೆ ತಲುಪುತ್ತದೆ. ವರದಿಯನ್ನು ಅಣೆಕಟ್ಟಿನ ಅಧಿಕಾರಿಗಳಿಗೆ ಕೊಡಿ, ಪ್ರತಿ ಪುಟದ ಮೇಲೂ ಊಹೆಗಳನ್ನು ಅಚ್ಚು ಮಾಡಿ, ಜೊತೆಗೆ ಮಾದರಿಯ ಕಡತ, ಮಟ್ಟ–ಸಂಗ್ರಹ ಪಟ್ಟಿಯ ಮೂಲ ಮತ್ತು ಬಳಸಿದ ಸೊನ್ನೆ ಮಟ್ಟ ಯಾವುದು ಎಂಬ ಟಿಪ್ಪಣಿಯನ್ನೂ ಸೇರಿಸಿ.